ಮೊದಲ ದುಡ್ಡು ಅಡುಗೆಮನೆಗೆ

ಎಲ್ಲರಿಗೂ ನಮಸ್ಕಾರ.

ಹಳೇ ಮನೆಯ ಒಳಗನ್ನು ಹೊಸದು ಮಾಡುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ನಾನು ಇದೇ ಕೊಪ್ಪಳದವನು, ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸದಲ್ಲಿದ್ದೇನೆ. ಬೇರೆಯವರ ಮನೆಯ ವಿಷಯ ಬೇಡ, ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ನಮ್ಮದು ಅಜ್ಜ ಕಟ್ಟಿಸಿದ, ಮಣ್ಣಿನ ಚಾವಣಿಯ ಮಾಳಿಗೆ ಮನೆ. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಬೇವಿನ ತೊಲೆ, ಅದರ ಮೇಲೆ ಅಡ್ಡ ಹಾಸಿದ ಜಂತಿ, ಮೇಲೆ ನೀರು ಇಳಿಯಗೊಡದ ಸವುಳು ಮಣ್ಣು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಅಂಕಣ. ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ಹಿಂದೆ ದೇವರ ಮನೆ, ಅದರ ಪಕ್ಕ ಕತ್ತಲೆಯ ಅಡುಗೆಮನೆ. ಬಚ್ಚಲು ಹಿತ್ತಲಲ್ಲಿ. ಇಲ್ಲಿ ಕೂತವರಲ್ಲಿ ಅರ್ಧ ಜನರ ಮನೆಯೂ ಹೀಗೇ ಇದೆ, ಅಲ್ವಾ?

ಈಗ ಸ್ವಲ್ಪ ಯೋಚಿಸಿ. ಗಾಳಿ ಬೆಳಕು ಇರುವ ಪಡಸಾಲೆ ಬಂದುಹೋಗುವವರಿಗೆ. ದನಕ್ಕೂ ಬಾಗಿಲ ಹತ್ತಿರ ಜಾಗ. ಮುಂಜಾನೆ ಐದಕ್ಕೆ ಎದ್ದು ಒಲೆ ಹಚ್ಚುವವಳಿಗೆ ಹೊಗೆ ಹಿಡಿದ ಮೂಲೆ. ಅಜ್ಜನ ಕಾಲ ಹಾಗಿತ್ತು ಅನ್ನೋಣ. ಆದರೆ ನಾವು ಮನೆ ಹೊಸದು ಮಾಡುವಾಗಲೂ ಪಡಸಾಲೆಯಿಂದಲೇ ಶುರು ಮಾಡುತ್ತೇವೆ. ಪಿಒಪಿ ಸೀಲಿಂಗ್, ಟಿವಿ ಗೋಡೆ, ಸೋಫಾ. ದುಡ್ಡು ಅಲ್ಲಿಗೇ ಮುಗಿಯುತ್ತದೆ. ಅಡುಗೆಮನೆಗೆ ನಾಲ್ಕು ಟೈಲ್ಸ್ ಹಚ್ಚಿ, ಉಳಿದದ್ದು ಮುಂದಿನ ವರ್ಷ ಅನ್ನುತ್ತೇವೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಮೊದಲ ದುಡ್ಡು ಅಡುಗೆಮನೆಗೆ ಹಾಕಿ, ಆಮೇಲೆ ಬಚ್ಚಲಿಗೆ. ಪಡಸಾಲೆ ಕಾಯಲಿ.

ಅಡುಗೆಮನೆಗೆ ಹಾಕಿದರೆ ಸಾಲದು, ಯಾರ ಅಳತೆಗೆ ಹಾಕುತ್ತೀರಿ ಅನ್ನುವುದೂ ಮುಖ್ಯ. ಅಲ್ಲಿ ನಾನೇ ತಪ್ಪು ಮಾಡಿದ್ದೆ. ಅವ್ವನಿಗೆ ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸಿದೆ. ಎಲ್ಲ ಮನೆಗೂ ಹಾಕುವ ಅಳತೆ, 33 ಇಂಚು. ಮೇಲೆ ಕಪ್ಪು ಗ್ರಾನೈಟ್. ಎರಡು ವಾರ ಆಗಿರಬೇಕು. ಒಂದು ಮುಂಜಾನೆ ನೋಡಿದರೆ ಅವ್ವ ಗ್ಯಾಸ್ ಒಲೆಯನ್ನು ನೆಲಕ್ಕೆ ಇಳಿಸಿಕೊಂಡು, ಸಿಲಿಂಡರ್ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು. ನನಗೆ ಎದೆ ಝಲ್ಲೆಂದಿತು. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಯಾಕವ್ವ ಹೀಗೆ ಅಂದೆ. "ನಿಂತು ಬಡದ್ರ ರೊಟ್ಟಿ ತಿರುಗವಲ್ದಪ್ಪಾ, ಭುಜ ಹಿಡೀತಾವ" ಅಂದಳು.

ಅವತ್ತೇ ಟೇಪ್ ಹಿಡಿದು ಅಳೆದೆ. ಅವ್ವನ ಎತ್ತರ ಐದಡಿಗೆ ಒಂದಿಂಚು ಕಡಿಮೆ. ಮೊಣಕೈ ಇರುವುದು 36 ಇಂಚಿಗೆ. ಕಾಯಿಪಲ್ಲೆ ಹೆಚ್ಚುವುದಕ್ಕೆ 33 ಇಂಚಿನ ಕಟ್ಟೆ ನಡೆಯುತ್ತದೆ. ಜೋಳದ ರೊಟ್ಟಿಗೆ ನಡೆಯುವುದಿಲ್ಲ. ಅಂಗೈ ಮೇಲಿನಿಂದ ಬೀಳಬೇಕು, ಮೈಯ ಭಾರ ಅದರ ಜೊತೆ ಇಳಿಯಬೇಕು. ಕಟ್ಟೆ ಎತ್ತರವಾದರೆ ಆ ಭಾರವೆಲ್ಲ ಭುಜವೇ ಹೊರಬೇಕು. ಇಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು, ಬೇರೆ ಬೇರೆ ಎತ್ತರಕ್ಕೆ ಅವ್ವನಿಂದ ರೊಟ್ಟಿ ಬಡಿಯಿಸಿ ನೋಡಿದೆವು. 27 ಇಂಚಿಗೆ, ಅಂದರೆ ಮೊಣಕೈಗಿಂತ ಒಂಬತ್ತು ಇಂಚು ಕೆಳಗೆ ಬಂದಾಗ ರೊಟ್ಟಿ ತಾನಾಗಿ ತಿರುಗತೊಡಗಿತು. ಹೊಸ ಕಟ್ಟೆಯಲ್ಲಿ ನಾಲ್ಕು ಅಡಿ ಒಡೆಸಿ ಆರು ಇಂಚು ಇಳಿಸಿದೆ. ಹಂಚು ಕೈಗೆಟುಕುವ ಹಾಗೆ ಒಲೆಯೂ ಅದೇ ಮಟ್ಟಕ್ಕೆ ಬಂತು. ಸಿಲಿಂಡರ್ ಹಿತ್ತಲಿಗೆ, ಗೋಡೆಯ ಆಚೆ ಹೋಯಿತು. ಗವಿಮಠದ ಜಾತ್ರೆಗೆ ಮನೆಮನೆಯಿಂದ ರೊಟ್ಟಿ ಹೋಗುವ ಊರು ನಮ್ಮದು. ಇಂಥ ಊರಿನಲ್ಲಿ ರೊಟ್ಟಿ ಬಡಿಯಲು ಬಾರದ ಅಡುಗೆಮನೆ ಕಟ್ಟಿ ಏನು ಉಪಯೋಗ?

ಬೆಳಕಿನ ವಿಷಯವೂ ಅಲ್ಲೇ ಬಂತು. ಅಡುಗೆಮನೆಯ ಚಾವಣಿಯಲ್ಲಿದ್ದ ಬೆಳಕಿಂಡಿಗೆ ಮಳೆ ಬರುತ್ತದೆ ಅಂತ ಯಾವಾಗಲೋ ತಗಡು ಮುಚ್ಚಿದ್ದರು. ತಗಡು ತೆಗೆಸಿ, ಒಂಬತ್ತು ಇಂಚು ಎತ್ತರಿಸಿ ಗಾಜು ಹಾಕಿಸಿದೆ. ಸುತ್ತ ಜಾಳಿಗೆ ಬಿಟ್ಟೆ. ಮೇಲಿನಿಂದ ಬೆಳಕು ಬರುತ್ತದೆ, ಬಿಸಿ ಗಾಳಿ ಜಾಳಿಗೆಯಿಂದ ಹೊರಗೆ ಹೋಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಆ ದಪ್ಪ ಗೋಡೆ, ಈ ಬೆಳಕಿಂಡಿ ಎರಡೂ ಸೇರಿ ಮಾಡುವ ತಂಪು ನಿಮಗೇ ಗೊತ್ತು.

ಇನ್ನು ಬಚ್ಚಲು. ನಮ್ಮ ಅಪ್ಪ ಒಂದು ರಾತ್ರಿ ಹಿತ್ತಲಿಗೆ ಹೋಗುವಾಗ ಮೆಟ್ಟಿಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಆಸ್ಪತ್ರೆಯಿಂದ ಬಂದವರನ್ನು ಮಲಗಿಸುವುದು ಎಲ್ಲಿ? ಆಗ ಕಣ್ಣಿಗೆ ಬಿದ್ದದ್ದು ದನದ ಅಂಕಣ. ದನ ಮಾರಿ ಬಹಳ ದಿನವಾಗಿತ್ತು, ಸುಮ್ನೆ ಬೈಕ್ ನಿಲ್ಲಿಸುತ್ತಿದ್ದೆವು. ಆದರೆ ನೋಡಿ, ಇಡೀ ಮನೆಯಲ್ಲಿ ಮೆಟ್ಟಿಲು ಹತ್ತದೆ ಹೋಗುವ ಜಾಗ ಅದೊಂದೇ. ಗಂಜಲ ಹೊರಗೆ ಹೋಗುವ ಕಾಲುವೆ ಇದ್ದದ್ದರಿಂದ ನೆಲದ ಇಳಿಜಾರೂ ಸರಿಯಾಗಿತ್ತು. ಅಲ್ಲೇ ಒಂದು ಕೋಣೆ, ಒಂದು ಬಚ್ಚಲು ಮಾಡಿದೆವು. "ದನ ಕಟ್ಟಿದ ಜಾಗದಾಗ ಮಲಗ್ಲೇನು?" ಅಂತ ಅಪ್ಪ ಮುಖ ತಿರುಗಿಸಿದರು. ನಾನು ವಾದ ಮಾಡಲಿಲ್ಲ. ಮಂಚವನ್ನು ಕಿಟಕಿಗೆ ಹೊಂದಿಸಿ ಹಾಕಿದೆ. ಅಲ್ಲಿಂದ ಓಣಿ ಪೂರ್ತಿ ಕಾಣುತ್ತದೆ. ಹೋಗಿಬರುವವರೆಲ್ಲ ಮಾತಾಡಿಸುತ್ತಾರೆ. ಈಗ ಪಡಸಾಲೆಗೆ ಬನ್ನಿ ಅಂದರೂ ಬರುವುದಿಲ್ಲ.

ಈ ಕೆಲಸದಲ್ಲಿ ಕಲಿತದ್ದು ಬಹಳ. ಬಚ್ಚಲ ಬಾಗಿಲು ಮೂರು ಅಡಿ ಅಗಲ ಇಡಿ, ಗಾಲಿಕುರ್ಚಿ ಹೋಗಬೇಕು. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ಪಾಲಿಶ್ ಮಾಡದ ಶಹಾಬಾದ್ ಕಲ್ಲು ಸಾಕು. ಹಿಡಿಕೆಯನ್ನು ಮಣ್ಣಿನ ಗೋಡೆಗೆ ಸ್ಕ್ರೂ ಹೊಡೆದು ಕೂರಿಸಬೇಡಿ. ಮುದುಕರು ಭಾರ ಬಿಟ್ಟ ದಿನವೇ ಅದು ಕಿತ್ತು ಬರುತ್ತದೆ. ನಾವು ನೆಲದಿಂದ ತೊಲೆಯವರೆಗೆ ಒಂದು ಸ್ಟೀಲ್ ಪೈಪ್ ನಿಲ್ಲಿಸಿದೆವು. ನಳದ ಪೈಪುಗಳನ್ನೂ ಗೋಡೆ ಕೊರೆದು ಒಳಗೆ ಇಡಬೇಡಿ. ಒಳಗೆ ಸೋರಿದರೆ ಕಲ್ಲುಗಳ ನಡುವಿನ ಮಣ್ಣು ಕರಗುತ್ತದೆ. ನಿಮಗೆ ಗೊತ್ತಾಗುವಷ್ಟರಲ್ಲಿ ಗೋಡೆ ಉಬ್ಬಿರುತ್ತದೆ. ಹೊರಗೆ ಕಾಣುವ ಪೈಪು ಚೆಂದ ಇಲ್ಲದಿರಬಹುದು, ಸೋರಿದರೆ ಅವತ್ತೇ ಕಾಣುತ್ತದೆ.

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ತಮ್ಮನ ಮದುವೆಗೆ ಅಂತ ಅವಸರದಲ್ಲಿ ಹಳೇ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸಿದ್ದೆ. ಮೊದಲ ಮಳೆಗಾಲಕ್ಕೇ ಹಪ್ಪಳದ ಹಾಗೆ ಎದ್ದಿತು. ಮಣ್ಣಿನ ಗೋಡೆ ನೆಲದ ತೇವ ಹೀರುತ್ತದೆ, ಮೈಯಿಂದ ಬಿಡುತ್ತದೆ. ಮೈ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ದನ ಕಟ್ಟಿದ ಕಡೆಯಂತೂ ಗೋಡೆ ಗಂಜಲದ ಉಪ್ಪು ಕುಡಿದಿರುತ್ತದೆ, ಇನ್ನೂ ಜಾಸ್ತಿ ಉದುರುತ್ತದೆ. ಎಲ್ಲ ಕೆರೆಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿ ಸುಣ್ಣ ಬಳಿಸಿದೆ. ಅಪ್ಪನ ಕೋಣೆಯಲ್ಲಿ ಗೋಡೆಯ ಬುಡ ಇನ್ನೂ ಸ್ವಲ್ಪ ಉದುರುತ್ತದೆ. ಕೆಲವು ವರ್ಷಕ್ಕೊಮ್ಮೆ ಅಷ್ಟು ಭಾಗಕ್ಕೆ ಹೊಸ ಗಾರೆ ಹಾಕಿದರೆ ಆಯಿತು. ಉಪ್ಪು ಗಾರೆಯನ್ನು ತಿನ್ನಲಿ, ಗೋಡೆ ಉಳಿಯಲಿ.

ಪಡಸಾಲೆಗೆ ನಾವು ಮಾಡಿದ್ದು ಬಹಳ ಕಡಿಮೆ. ಸೀಲಿಂಗ್ ಹಾಕಲಿಲ್ಲ. ಜಂತಿ ಮುಚ್ಚಿದರೆ ಗೆದ್ದಲು ಬಂದರೂ ಸೋರಿದರೂ ತಿಳಿಯುವುದಿಲ್ಲ. ವೈರ್‌ಗಳನ್ನು ತೊಲೆಯ ಬದಿಗೆ ಪೈಪಿನಲ್ಲಿ ಎಳೆಸಿದೆವು. ನೆಲದಡಿ ಹಗೇವು, ಅಂದರೆ ಕಾಳು ತುಂಬಿಡುವ ಗುಂಡಿ ಇತ್ತು. ಅದನ್ನು ಹಾಗೇ ಬಿಟ್ಟು ಮೇಲೆ ಕಲ್ಲು ಹಾಸಿದರೆ ಒಂದು ದಿನ ಕುಸಿಯುತ್ತದೆ. ಅದಕ್ಕೇ ಗರಸು ಸ್ವಲ್ಪ ಸ್ವಲ್ಪವೇ ತುಂಬಿಸಿ, ನೀರು ಹೊಡೆದು, ದಿಮ್ಮಸು ಹಾಕಿಸಿದೆವು. ಗೋಡೆಯ ಗೂಡಿಗೆ ಕಿನ್ನಾಳದ ಒಂದು ಜೋಡಿ ಗೊಂಬೆ ತಂದಿಟ್ಟಳು ನನ್ನ ಹೆಂಡತಿ. ಪಕ್ಕದಲ್ಲೇ ಇಂಥ ಕೆಲಸಗಾರರು ಇರುವಾಗ ದೂರದಿಂದ ಶೋಪೀಸ್ ಯಾಕೆ ತರಬೇಕು ಅನ್ನುವುದು ಅವಳ ಮಾತು, ನನ್ನದೂ ಅದೇ.

ಮನೆಯ ನಕ್ಷೆ ತಂದವರು ಈಗ ಮುಂದೆ ಬನ್ನಿ, ಒಂದೊಂದಾಗಿ ನೋಡೋಣ. ಅಕ್ಕಂದಿರು, ಅವ್ವಂದಿರು ಮೊದಲು ಬನ್ನಿ. ಟೇಪ್ ತಂದಿದ್ದೇನೆ, ನಿಮ್ಮ ಮೊಣಕೈ ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇನೆ.