ಖಾನಾವಳಿಯ ಬಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಶ್ರಾವಣದಲ್ಲಿ ನಾನು ಮತ್ತು ನನ್ನ ಗೆಳತಿ ಎರಡು ದಿನ ಮನೆ ಬಿಟ್ಟು ಧಾರವಾಡಕ್ಕೆ ಹೋಗಿ ಬಂದೆವು. ಅಲ್ಲಿ ಮದುವೆಯೂ ಇರಲಿಲ್ಲ, ಮುಂಜಿಯೂ ಇರಲಿಲ್ಲ. ಯಾಕೆ ಹೋಗುತ್ತೀ ಎಂದು ಮನೆಯಲ್ಲಿ ಕೇಳಿದರು. ಉಣ್ಣಲಿಕ್ಕೆ ಎಂದೆ. ನಕ್ಕುಬಿಟ್ಟರು. ನಿಜ ಹೇಳಿದರೆ ಯಾರೂ ನಂಬುವುದಿಲ್ಲ, ಅಲ್ವಾ?

1990ರ ದಶಕದಲ್ಲಿ ನಾವು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿದವರು. ಸಪ್ತಾಪುರದ ಒಂದೇ ಬಾಡಿಗೆ ಕೋಣೆಯಲ್ಲಿ ಮೂವರು. ನಾನೀಗ ಬೆಂಗಳೂರು, ಅವಳು ತುಮಕೂರು, ಮೂರನೆಯವಳು ಹುಬ್ಬಳ್ಳಿ. ತುಮಕೂರಿನಲ್ಲಿ ರಾತ್ರಿ ರೈಲು ಹತ್ತಿದವಳೇ ಒಂದು ಚೀಟಿ ತೆಗೆದಳು. ಬರೀ ತಿನ್ನುವುದರ ಪಟ್ಟಿ. ನೋಡುವ ಜಾಗ ಒಂದೂ ಇರಲಿಲ್ಲ.

ಬೆಳಿಗ್ಗೆ ಧಾರವಾಡದಲ್ಲಿ ಜಿಟಿಜಿಟಿ ಮಳೆ. ಮೊದಲು ಲೈನ್ ಬಜಾರಿಗೆ. ಪೇಢೆಯ ಅಂಗಡಿ ಮುಂದೆ ಸರದಿ ಇತ್ತು, ಛತ್ರಿ ಹಿಡಿದೇ ನಿಂತೆವು. ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಇಲ್ಲಿ ಈ ಸಿಹಿ ಶುರು ಮಾಡಿತು. ಧಾರವಾಡದ ಎಮ್ಮೆ ಹಾಲು ಸಿಕ್ಕಿತು, ಪೇಢೆ ಇಲ್ಲಿಯದೇ ಆಯಿತು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬಾಯಲ್ಲಿ ಇಟ್ಟರೆ ಮರಳು ಮರಳಾಗಿ ಒಡೆಯಬೇಕು. ಮೆತ್ತಗಿರುವ ಪೇಢೆಯನ್ನು ನಾನು ಪೇಢೆ ಎನ್ನುವುದಿಲ್ಲ. ಇದು ನನ್ನ ಹಟ.

ಮಧ್ಯಾಹ್ನ ಖಾನಾವಳಿ. ನಾವು ಉಣ್ಣುತ್ತಿದ್ದದ್ದು ಒಬ್ಬ ಅಕ್ಕನ ಮನೆಯಲ್ಲಿ. ಆ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಬೇರೆ ಕಡೆ ಕೂತೆವು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಲೇ ಇಬ್ಬರೂ ಮಾತು ನಿಲ್ಲಿಸಿದೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಚ್ಚಲು ಉಳ್ಳಾಗಡ್ಡಿ. ಎರಡನೇ ರೊಟ್ಟಿಗೆ ಗೆಳತಿ ಕೇಳಿದಳು:

'ಅಲ್ಲ, ಕಡೀ ತಿಂಗಳ ಅಕ್ಕಗ ನಲವತ್ತೈದು ರೂಪಾಯಿ ಬಾಕಿ ಇತ್ತಲ್ಲ. ನೀ ಕೊಟ್ಟಿ, ಹೌದಿಲ್ಲೋ?'

ನಾನು ರೊಟ್ಟಿ ಕೈಯಲ್ಲೇ ಹಿಡಿದು ಕೂತೆ. ಇಷ್ಟು ವರ್ಷ ಅವಳು ಕೊಟ್ಟಿದ್ದಾಳೆ ಎಂದೇ ನಾನು ನಂಬಿದ್ದೆ! ಆಮೇಲೆ ಎಣ್ಣೆಗಾಯಿ ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ರುಚಿಸಿತು. ಆದರೂ ಒಳಗೆ ಏನೋ ಚುಚ್ಚುತ್ತಿತ್ತು. ನಾವು ಮೊಸರಿಗೆ ಕಾಸು ಕೊಡಲಾಗದ ದಿನ ಸುಮ್ನೆ ಒಂದು ಸೌಟು ಜಾಸ್ತಿ ಹಾಕಿದ ಕೈ ಅದು.

ಸಂಜೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ದಾರಿಯುದ್ದಕ್ಕೂ ಅದೇ ನಲವತ್ತೈದು ರೂಪಾಯಿಯ ಲೆಕ್ಕ. ದುರ್ಗದಬೈಲಿನ ಗದ್ದಲದಲ್ಲಿ ಮೂರನೆಯವಳು ನಿಂತಿದ್ದಳು. ತಲೆ ಬೆಳ್ಳಗಾಗಿದೆ, ದಪ್ಪ ಕನ್ನಡಕ. ಪಕ್ಕದಲ್ಲೇ ಹಾದುಹೋದೆವು, ಗುರುತು ಸಿಗಲಿಲ್ಲ. ಹಿಂದಿನಿಂದ 'ಏ ಖೋಡಿಗಳಾ!' ಎಂದು ಕೂಗಿದಳು. ಆ ದನಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ.

ಗಿರ್ಮಿಟ್ ಹೇಳಿದಳು. ಚುರಮರಿಗೆ ಈರುಳ್ಳಿ, ಹುಣಸೆ, ಬೆಲ್ಲದ ಗೊಜ್ಜು ಕಲಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ ಕೊಡುತ್ತಾರೆ. ಜೊತೆಗೆ ಬಿಸಿ ಮಿರ್ಚಿ. ಕಲಸಿದ ಕೂಡಲೇ ತಿನ್ನಬೇಕು, ಮಾತಾಡುತ್ತ ಕೂತರೆ ಮೆತ್ತಗಾಗುತ್ತದೆ. ನಮ್ಮದು ಮೆತ್ತಗಾಯಿತು. ಬಾಕಿಯ ವಿಷಯ ಅಂಜುತ್ತಲೇ ಎತ್ತಿದೆವು.

'ನಾ ಕೊಟ್ಟೀನಿ' ಎಂದಳು, ಮಿರ್ಚಿ ಮುರಿಯುತ್ತ. 'ನೀವಿಬ್ರೂ ಊರಿಗೆ ಹೋದ ಮರುದಿನಾನ ಕೊಟ್ಟೆ. ಅಕ್ಕ ಐದು ರೂಪಾಯಿ ತಿರುಗಿ ಕೊಟ್ಲು, ಬಸ್ಸಿಗೆ ಇಟ್ಕೊ ಅಂತ.'

ಇಬ್ಬರೂ ಪರ್ಸ್ ತೆಗೆದೆವು. ಅವಳು ಮುಟ್ಟಲಿಲ್ಲ. ಬಡ್ಡಿ ಸೇರಿಸಿ ಗಿರ್ಮಿಟ್ ಲೆಕ್ಕದಲ್ಲೇ ತೀರಿಸಬೇಕಂತೆ.

ಮರುದಿನ ರಾತ್ರಿ ರೈಲಿಗೆ ಬಿಡಲು ಬಂದಳು. ಹುಬ್ಬಳ್ಳಿಯ ಆ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಸುದ್ದಿಯಾಗಿತ್ತು. ನಮ್ಮ ಬೋಗಿ ದೂರದ ತುದಿಯಲ್ಲಿ. ಕಾಲು ನೋವು ಎಂದು ಗೊಣಗುತ್ತಲೇ ಮೂವರೂ ಮೆಲ್ಲಗೆ ನಡೆದೆವು, ಬೇಕೆಂತಲೇ ಮೆಲ್ಲಗೆ. ರೈಲು ಅಲುಗಿದಾಗ ಅವಳು ಕಿಟಕಿಗೆ ಕೈ ಹಚ್ಚಿ ಕೂಗಿದಳು:

'ಎರಡ ಪ್ಲೇಟ್ ಮುಟ್ಟೈತಿ. ಉಳಿದದ್ದು ಬರ‍್ಕೊಂಡೀನಿ ನೋಡ್ರಿ!'