ಮಳೆಕಾಡಿನ ಮರ ಕಡಿಯಲಿ, ಆದರೆ ಲೆಕ್ಕ ಇಟ್ಟು ಕಡಿಯಲಿ

ಮಳೆಕಾಡಿನ ಒಂದು ಮರವನ್ನೂ ಮುಟ್ಟಬಾರದು ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಗ್ವಾಟೆಮಾಲಾ ದೇಶದ ಉತ್ತರಕ್ಕೆ ಪೆಟೆನ್ ಎಂಬ ಸೀಮೆ ಇದೆ. 1990ರಲ್ಲಿ ಅಲ್ಲಿನ ಸುಮಾರು 21 ಲಕ್ಷ ಹೆಕ್ಟೇರನ್ನು ಮಾಯಾ ಜೀವಗೋಳ ಮೀಸಲು ಪ್ರದೇಶ ಎಂದು ಘೋಷಿಸಿದರು. ಒಂದಷ್ಟು ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಮರ ಕಡಿಯುವಂತೆಯೇ ಇಲ್ಲ. ಇನ್ನೊಂದಷ್ಟು ಭಾಗವನ್ನು ಊರವರಿಗೇ 25 ವರ್ಷದ ಕರಾರಿನ ಮೇಲೆ ಕೊಟ್ಟರು. ಮರ ಕಡಿದು ಮಾರಿಕೊಳ್ಳಿ, ಕಾಡನ್ನೂ ನೀವೇ ಕಾಯಿರಿ ಅಂತ.

ಆಮೇಲೆ ಏನಾಯಿತು ಗೊತ್ತಾ? ಪಶ್ಚಿಮದ ಲಗುನಾ ದೆಲ್ ಟಿಗ್ರೆ ಉದ್ಯಾನದಲ್ಲಿ ಕಾಡು ಸುಟ್ಟು ದನ ಮೇಯಿಸುವ ಬಯಲು ಮಾಡಿಕೊಂಡರು. ಕರಾರು ಪಡೆದ ಕಾರ್ಮೆಲಿಟಾ, ವಾಶಕ್ತೂನ್ ಊರಿನವರು ಮರ ಕಡಿಯುತ್ತಲೇ ಇದ್ದಾರೆ, ಅವರ ಕಾಡು ಮಾತ್ರ ನಿಂತಿದೆ. ಎಲ್ಲ ಊರಲ್ಲೂ ಹೀಗೇ ಆಯಿತು ಅಂತಲ್ಲ. ದನ ಸಾಕುವವರು ನುಗ್ಗಿದ ಕೆಲವು ಕಡೆ ಕರಾರೇ ರದ್ದಾಯಿತು.

ಕಡಿಯುವುದರಲ್ಲೂ ಒಂದು ರೀತಿ ಇದೆ. ಮಳೆಕಾಡಿನಲ್ಲಿ ದಪ್ಪ ಬಳ್ಳಿಗಳು ಒಂದು ಮರದ ತಲೆಯನ್ನು ಇನ್ನೊಂದಕ್ಕೆ ಬಿಗಿದು ಕಟ್ಟಿರುತ್ತವೆ. ಸುಮ್ನೆ ಹೋಗಿ ಗರಗಸ ಹಾಕಿದರೆ ಬೀಳುವ ಮರ ಅಕ್ಕಪಕ್ಕದ ನಾಲ್ಕನ್ನು ಎಳೆದುಕೊಂಡೇ ಬೀಳುತ್ತದೆ. ಅದಕ್ಕೇ ಬಲ್ಲವರು ತಿಂಗಳುಗಟ್ಟಲೆ ಮೊದಲೇ ಬಳ್ಳಿ ಕಡಿದು ಒಣಗಲು ಬಿಡುತ್ತಾರೆ. ಯಾವ ದಿಕ್ಕಿಗೆ ಬೀಳಿಸಬೇಕು, ದಿಮ್ಮಿ ಯಾವ ದಾರಿಯಲ್ಲಿ ಎಳೆಯಬೇಕು, ಎಲ್ಲ ನಕ್ಷೆಯಲ್ಲಿ ಗುರುತಾಗಿರುತ್ತದೆ. ಬೀಜ ಉದುರಿಸುವ ಒಳ್ಳೆ ಮರಗಳನ್ನು ಬಿಟ್ಟೇ ಕಡಿಯುತ್ತಾರೆ. ಮಹಾಗನಿ ಸಸಿ ನೆರಳಲ್ಲಿ ಏಳುವುದಿಲ್ಲ, ಬಿಸಿಲು ಬೀಳುವ ಜಾಗ ಬೇಕು. ಅಂಥ ಕಡೆ ಸಸಿಯನ್ನೂ ನೆಡಬೇಕು. ಕಡಿದ ಜಾಗಕ್ಕೆ ಮತ್ತೆ ಕಾಲಿಡುವುದು ದಶಕಗಳ ನಂತರ. ತಾಳ್ಮೆಯ ಕೆಲಸ ಇದು!

ದಿಮ್ಮಿ ಸಾಗಿಸಿದ ರಸ್ತೆಯನ್ನು ಮುಚ್ಚದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ. ಅದೇ ರಸ್ತೆಯಲ್ಲಿ ಬೆಂಕಿ ಹಾಕುವವರು ಬರುತ್ತಾರೆ.

ಕಳ್ಳ ದಿಮ್ಮಿ ಯಾವಾಗಲೂ ಅಗ್ಗ. ಅದಕ್ಕೆ ಕಾವಲಿನ ಖರ್ಚಿಲ್ಲ, ಸಸಿಯ ಖರ್ಚಿಲ್ಲ. ದೊಡ್ಡೆಲೆ ಮಹಾಗನಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2003ರಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶಗಳ ನಡುವಿನ ಒಪ್ಪಂದ) ನಿಯಮ ಇದೆ, ಪರವಾನಗಿ ಪತ್ರ ಬೇಕೇ ಬೇಕು. ಆದರೂ ಕೊಳ್ಳುವವರು ಕೇಳಬೇಕಲ್ವಾ? ಈ ಮರ ಯಾವ ಕಾಡಿನದು, ಕಡಿದವರು ಯಾರು, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದದ್ದು ಎಂದು ಹೇಳುವ ಎಫ್‌ಎಸ್‌ಸಿ ಮುದ್ರೆ ಇದೆಯಾ ಅಂತ ದಯವಿಟ್ಟು ಕೇಳಿ. ಸರಿಯಾದ ಉತ್ತರ ಬಂದರೆ ನಾಲ್ಕು ಕಾಸು ಜಾಸ್ತಿ ಕೊಟ್ಟಾದರೂ ಕೊಳ್ಳಿ. ಪೆಟೆನ್‌ನ ಆ ಊರುಗಳಲ್ಲಿ ಬೇಸಿಗೆಯಲ್ಲಿ ಕಾಡ್ಗಿಚ್ಚು ಕಾಯಲು ಹೋಗುವವರ ಖರ್ಚು ಮರ ಮಾರಿದ ದುಡ್ಡಿನಿಂದಲೇ ಹುಟ್ಟಬೇಕು.