ಸಂತ ಲಾರೆನ್ಸರ ಹೆಸರಿನ ಪಟ್ಟಿ

ಎಲ್ಲರಿಗೂ ನಮಸ್ಕಾರ.

ಚಿಕ್ಕವನಿದ್ದಾಗ ಅಮ್ಮನ ಜೊತೆ ಕಾರ್ಕಳದ ಅತ್ತೂರು ಇಗರ್ಜಿಯ ವಾರ್ಷಿಕ ಹಬ್ಬ ಸಾಂತ್‌ಮಾರಿಗೆ ಹೋಗಿದ್ದೆ. ಬರುವಾಗ ಸಂತ ಲಾರೆನ್ಸರ ಒಂದು ಪಟ ತಂದೆವು. ಅವರ ಕೈಯಲ್ಲಿ ಕಿಟಕಿಯ ಸರಳಿನ ಥರ ಏನೋ ಇತ್ತು. "ಅಮ್ಮಾ, ಅದು ಏಣಿಯಾ?" ಅಂತ ಕೇಳಿದೆ. "ಅಲ್ಲ ಮಗಾ, ಅದರ ಮೇಲೆ ಮಲಗಿಸಿ ಅವರನ್ನು ಸುಟ್ಟರು" ಅಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಲಾರೆನ್ಸ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಆ ಕಬ್ಬಿಣದ ಜಾಲರಿಯೇ. ನನಗೆ ಇವತ್ತು ಹೇಳಬೇಕಿರುವುದು ಅದಕ್ಕೂ ಮೂರು ದಿನ ಹಿಂದಿನ ಮಾತು.

ಮೂರನೇ ಶತಮಾನದ ರೋಮ್ ನಗರ. ಸುಮಾರು 251ರಲ್ಲಿ ಪೋಪ್ ಕೊರ್ನೇಲಿಯಸ್ ಒಂದು ಪತ್ರ ಬರೆದರು. ಇತಿಹಾಸಕಾರ ಯುಸೇಬಿಯಸ್ ಅದನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡಿದ್ದರಿಂದ ಅದರ ಭಾಗಗಳು ನಮಗೆ ಸಿಕ್ಕಿವೆ. ರೋಮಿನ ಕ್ರೈಸ್ತ ಸಭೆಯಲ್ಲಿ 46 ಗುರುಗಳು, 7 ಡೀಕನರು, ಅಂದರೆ ಸಭೆಯ ಸೇವೆಗೆ ನೇಮಕವಾದವರು, ಇದ್ದರು ಅಂತ ಅದರಲ್ಲಿದೆ. ಅದರ ಜೊತೆಗೇ ಇನ್ನೊಂದು ಲೆಕ್ಕ: ವಿಧವೆಯರು, ಕಷ್ಟದಲ್ಲಿದ್ದವರು ಸೇರಿ 1,500ಕ್ಕೂ ಜಾಸ್ತಿ ಜನ. ಅಷ್ಟೂ ಜನರನ್ನು ಸಭೆಯೇ ಸಾಕುತ್ತಿತ್ತು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ನೋಡಿಕೊಳ್ಳುವುದು ಡೀಕನರ ಕೆಲಸ. ಕೆಲವೇ ವರ್ಷಗಳಲ್ಲಿ ಆ ಏಳು ಜನರಲ್ಲಿ ಲಾರೆನ್ಸರೂ ಒಬ್ಬರಾದರು. ದುಡ್ಡಿನ ಲೆಕ್ಕವೂ ಅವರ ಕೈಯಲ್ಲೇ ಇತ್ತು ಅನ್ನುತ್ತದೆ ಸಂಪ್ರದಾಯ.

258ರಲ್ಲಿ ಚಕ್ರವರ್ತಿ ವಲೇರಿಯನ್‌ನ ಆಜ್ಞೆ ಬಂತು. ಬಿಷಪರು, ಗುರುಗಳು, ಡೀಕನರು ಸಿಕ್ಕರೆ ತಡಮಾಡದೆ ಕೊಲ್ಲಬೇಕು. ಇದು ಕಟ್ಟುಕಥೆಯಲ್ಲ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆಗಲೇ ಬರೆದ ಪತ್ರದಲ್ಲಿ ಇದು ಸ್ಪಷ್ಟವಾಗಿದೆ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್‌ರನ್ನು ಸಮಾಧಿಭೂಮಿಯಲ್ಲೇ ಕೊಂದರು, ಅವರ ಜೊತೆ ನಾಲ್ವರು ಡೀಕನರನ್ನೂ ಕೊಂದರು ಅಂತ ಅದೇ ಪತ್ರ ಹೇಳುತ್ತದೆ. ಮುಂದಿನ ತಿಂಗಳು ಸಿಪ್ರಿಯನ್ನರ ತಲೆಯೂ ಹೋಯಿತು.

ಸಿಕ್ಸ್ಟಸ್‌ರನ್ನು ಎಳೆದುಕೊಂಡು ಹೋಗುವಾಗ ಲಾರೆನ್ಸ್ ಅಳುತ್ತಾ ನಿಂತಿದ್ದರಂತೆ. "ಅಪ್ಪಾ, ಮಗನನ್ನು ಬಿಟ್ಟು ಎಲ್ಲಿಗೆ ಹೊರಟಿರಿ?" "ಮೂರು ದಿನ ತಾಳು, ನೀನೂ ಬರುತ್ತೀಯ." ನೂರಕ್ಕೂ ಹೆಚ್ಚು ವರ್ಷಗಳ ನಂತರ ಮಿಲಾನಿನ ಬಿಷಪ್ ಆಂಬ್ರೋಸ್ ಬರೆದ ಮಾತುಗಳಿವು.

ಆ ಮೂರು ದಿನ ಲಾರೆನ್ಸ್ ಏನು ಮಾಡಿದರು? ಸ್ಪೇನಿನ ಕವಿ ಪ್ರುಡೆಂಷಿಯಸ್ ಅದನ್ನು ಹಾಡಿದ್ದಾರೆ. ರೋಮಿನ ಅಧಿಕಾರಿ ಕರೆಸಿ, ಸಭೆಯ ಬಂಗಾರವನ್ನೆಲ್ಲ ತಂದೊಪ್ಪಿಸು ಅಂದ. ಲಾರೆನ್ಸ್ ಗಡುವು ಕೇಳಿದರು. ಊರೆಲ್ಲ ಓಡಾಡಿದರು. ಕೋಲೂರಿಕೊಂಡು ತಡಕಾಡುವ ಕುರುಡ, ಮೊಣಕಾಲು ಮುರಿದ ಕುಂಟ, ಮೈಯೆಲ್ಲ ಹುಣ್ಣಾದವರು, ಎಲ್ಲರನ್ನೂ ಕಲೆಹಾಕಿದರು. ಒಬ್ಬೊಬ್ಬರದೇ ಹೆಸರು ಬರೆದುಕೊಂಡರು. ಆಮೇಲೆ ಸಾಲಾಗಿ ನಿಲ್ಲಿಸಿ, ಇದೇ ನಮ್ಮ ಭಂಡಾರ ಅಂದರು.

ಆ ಹೆಸರು ಬರೆದುಕೊಂಡರು ಅನ್ನುವ ಮಾತಿದೆಯಲ್ಲ, ಅಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. ತನ್ನ ಸಾವು ಬಾಗಿಲಲ್ಲಿ ನಿಂತಿದೆ ಅಂತ ಗೊತ್ತಿರುವ ಮನುಷ್ಯ, ಭಿಕ್ಷುಕರ ಹತ್ತಿರ ಕೂತು ಅವರ ಹೆಸರು ಕೇಳುತ್ತಿದ್ದಾರೆ. ನಂಬಿಕೆಗಾಗಿ ಪ್ರಾಣ ಕೊಟ್ಟವರಿಗೆ ರಕ್ತಸಾಕ್ಷಿ ಅನ್ನುವ ಮಾತು ನಮ್ಮಲ್ಲಿದೆ. ಲಾರೆನ್ಸರ ಸಾಕ್ಷಿ ರಕ್ತಕ್ಕೂ ಮೊದಲೇ, ಆ ಪಟ್ಟಿಯಲ್ಲೇ ಶುರುವಾಗಿತ್ತು ಅಂತ ನನ್ನ ನಂಬಿಕೆ.

ಹಾಗಾದರೆ ಬೆಂಕಿ? ಆಜ್ಞೆ ಇದ್ದದ್ದು ಕೂಡಲೇ ಕೊಲ್ಲಬೇಕು ಅಂತ. ಹಾಗಾಗಿ ಕತ್ತಿಯಿಂದಲೇ ಕೊಂದಿರಬೇಕು ಅನ್ನುವ ವಿದ್ವಾಂಸರಿದ್ದಾರೆ. ಲ್ಯಾಟಿನ್‌ನಲ್ಲಿ 'ಪಾಸ್ಸುಸ್ ಎಸ್ಟ್' ಅಂದರೆ ಯಾತನೆಪಟ್ಟರು. ನಕಲು ಮಾಡುವಾಗ ಮೊದಲ ಅಕ್ಷರ ಬಿಟ್ಟುಹೋದರೆ 'ಆಸ್ಸುಸ್ ಎಸ್ಟ್', ಸುಟ್ಟರು ಅಂತಾಗುತ್ತದೆ. ಇದು ಅವರ ಊಹೆ. "ಈ ಮಗ್ಗುಲು ಬೆಂದಿದೆ, ಹೊರಳಿಸಿ" ಅಂತ ಲಾರೆನ್ಸ್ ಹೇಳಿದ ಮಾತನ್ನು ಕೇಳುತ್ತಾ ಬೆಳೆದವರಿಗೆ ಇದು ಕಸಿವಿಸಿ ತರಬಹುದು. ನನಗೇನೂ ಅಳುಕಿಲ್ಲ. 354ರ ರೋಮಿನ ಕ್ಯಾಲೆಂಡರಿನಲ್ಲಿ ಆಗಸ್ಟ್ 10, ಲಾರೆನ್ಸ್, ತಿಬುರ್ತಿನಾ ರಸ್ತೆ ಅಂತ ಬರೆದಿದ್ದಾರೆ. ದಿನ ಗೊತ್ತು, ಸಮಾಧಿ ಗೊತ್ತು. ಅಲ್ಲೇ ಕಾನ್‌ಸ್ಟಂಟೈನ್ ಚಕ್ರವರ್ತಿ ದೇವಾಲಯ ಕಟ್ಟಿಸಿದ. ಈಗ ಅಲ್ಲಿರುವ ಹಳೆಯ ಬಸಿಲಿಕಾ, ಅಂದರೆ ಪೋಪರ ವಿಶೇಷ ಮನ್ನಣೆ ಇರುವ ಇಗರ್ಜಿ, 1943ರ ಜುಲೈ 19ರ ಬಾಂಬಿಗೆ ಸಿಕ್ಕಿತ್ತು. ಜನ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಇಟಲಿಯ ರವೆನ್ನಾದಲ್ಲಿ ಐದನೇ ಶತಮಾನದ ಒಂದು ಮೊಸಾಯಿಕ್ ಚಿತ್ರವಿದೆ. ಅದರಲ್ಲಿರುವುದು ಲಾರೆನ್ಸರೇ ಅನ್ನುವವರು ಜಾಸ್ತಿ. ನಡುವೆ ಜಾಲರಿ, ಕೆಳಗೆ ಬೆಂಕಿ. ಒಂದು ಕಡೆ ಬಾಗಿಲು ತೆರೆದ ಕಪಾಟು, ಅದರೊಳಗೆ ನಾಲ್ಕು ಶುಭಸಂದೇಶಗಳ ಪುಸ್ತಕ. ಇನ್ನೊಂದು ಕಡೆಯಿಂದ ಅವರು ಬರುತ್ತಿದ್ದಾರೆ. ಹೆಗಲ ಮೇಲೆ ಶಿಲುಬೆ, ಕೈಯಲ್ಲಿ ತೆರೆದ ಪುಸ್ತಕ. ನಿಲುವಂಗಿ ಗಾಳಿಗೆ ಹಾರುತ್ತಿದೆ. ಎಷ್ಟು ಬೇಗ ಬರುತ್ತಿದ್ದಾರೆ ನೋಡಿ!

ನಮ್ಮ ಅತ್ತೂರಿನ ಇಗರ್ಜಿ 2016ರಲ್ಲಿ ಬಸಿಲಿಕಾ ಆಯಿತು. ಸಭೆಯ ಪಂಚಾಂಗದಲ್ಲಿ ಲಾರೆನ್ಸರ ಹಬ್ಬ ಆಗಸ್ಟ್ 10 ಆದರೂ ಜನ ಕಿಕ್ಕಿರಿಯುವುದು ಜನವರಿಯ ಸಾಂತ್‌ಮಾರಿಗೆ. ಕ್ರೈಸ್ತರು, ಹಿಂದೂಗಳು, ಮುಸ್ಲಿಮರು, ಎಲ್ಲರೂ ಮೇಣದಬತ್ತಿ ಹಿಡಿದು ಬರುತ್ತಾರೆ.

ಒಂದು ವರ್ಷ ಪೂಜೆಗೆ ಹೆಸರು ಬರೆಸುವ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬರು ಅಜ್ಜಿ, ಹಣೆಯಲ್ಲಿ ಕುಂಕುಮ. ತುಳುವಿನಲ್ಲಿ ಒಂದೊಂದೇ ಹೆಸರು ಹೇಳಿದರು. ಮಗ, ಸೊಸೆ, ಮೊಮ್ಮಕ್ಕಳು. ಬರೆಯುವ ಹುಡುಗ ಚೀಟಿ ಹರಿದು ಕೊಟ್ಟ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಚೀಟಿಯನ್ನು ನನ್ನ ಕೈಗಿಟ್ಟು, ಎಲ್ಲರ ಹೆಸರೂ ಬಂದಿದೆಯಾ ನೋಡು ಮಗಾ ಅಂದರು. ಒಂದೊಂದಾಗಿ ಓದಿ ಹೇಳಿದೆ. ಪ್ರತಿ ಹೆಸರಿಗೂ ಒಂದೊಂದು ಬೆರಳು ಮಡಚುತ್ತಾ ಹೋದರು.